ಮನೆ ಸರ್ವರ್ ಲಾಗ್: ವಿಪಿಎನ್ ಹಾಕಿದರೂ ನಾಸ್ ಸಿಗಬೇಕು

ಈ ವಾರದ ಕೆಲಸ ಡಿಎನ್‌ಎಸ್ (ಹೆಸರು ಕೊಟ್ಟರೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ). ಆಫೀಸಿನ ವಿಪಿಎನ್ (ಆಫೀಸಿನ ನೆಟ್‌ವರ್ಕ್‌ಗೆ ಖಾಸಗಿ ಸಂಪರ್ಕ) ಹಾಕಿದ ಕೂಡಲೇ ಲ್ಯಾಪ್‌ಟಾಪ್‌ಗೆ ಮನೆಯ ನಾಸ್ (ನೆಟ್‌ವರ್ಕ್ ಮೂಲಕ ಫೈಲ್ ಕೊಡುವ ಡಬ್ಬ), ಅಂದರೆ 'ನಾಸ್.ಹೋಮ್.ಆರ್ಪಾ', ಸಿಗುತ್ತಿರಲಿಲ್ಲ. ವಿಪಿಎನ್ ತೆಗೆದರೆ ಸರಿಹೋಗುತ್ತಿತ್ತು. (ಹೋಮ್.ಆರ್ಪಾ ಅನ್ನುವುದು ಮನೆಯೊಳಗಿನ ಹೆಸರುಗಳಿಗೆಂದೇ 2018ರಲ್ಲಿ ಮೀಸಲಿಟ್ಟ ಡೊಮೇನ್. '.ಲೋಕಲ್' ಬೇಡ, ಅದು ಎಂಡಿಎನ್‌ಎಸ್ ಪಾಲು, ಅಂದರೆ ಸರ್ವರ್ ಇಲ್ಲದೆ ಯಂತ್ರಗಳು ತಮ್ಮತಮ್ಮಲ್ಲೇ ಹೆಸರು ಕೇಳಿಕೊಳ್ಳುವ ವಿಧಾನದ್ದು.)

ಉಬುಂಟುವಿನಲ್ಲಿ ಡಿಎನ್‌ಎಸ್ ಸೆಟ್ಟಿಂಗ್ ಫೈಲ್ /ಇಟಿಸಿ/ರಿಸಾಲ್ವ್.ಕಾನ್ಫ್ ತೆರೆದರೆ ಕಾಣುವುದು ಒಂದೇ ನೇಮ್‌ಸರ್ವರ್ (ಹೆಸರು ಕೇಳಬೇಕಾದ ಸರ್ವರ್): 127.0.0.53, ಅಂದರೆ ಇದೇ ಯಂತ್ರ. ವಿಪಿಎನ್ ಇದ್ದರೂ ಅದೇ, ಇಲ್ಲದಿದ್ದರೂ ಅದೇ. ಆ ವಿಳಾಸದಲ್ಲಿ ಕೂತಿರುವುದು ಸಿಸ್ಟಮ್‌ಡಿ-ರಿಸಾಲ್ವ್ಡ್. ಯಾವ ಹೆಸರನ್ನು ಯಾರ ಹತ್ತಿರ ಕೇಳಬೇಕು ಅನ್ನುವ ತೀರ್ಮಾನವೆಲ್ಲ ಅದರದ್ದೇ. ಹಾಗಾಗಿ ಫೈಲ್ ಸುಮ್ನೆ ನೋಡಿ ಲಾಭವಿಲ್ಲ, 'ರಿಸಾಲ್ವ್‌ಸಿಟಿಎಲ್ ಸ್ಟೇಟಸ್' ಓಡಿಸಬೇಕು.

ಓಡಿಸಿದೆ. ವೈಫೈಗೆ ಒಂದು ಸರ್ವರ್, ವಿಪಿಎನ್‌ಗೆ ಬೇರೆ. ವಿಪಿಎನ್ ಕೆಳಗೆ ಡಿಎನ್‌ಎಸ್ ಡೊಮೇನ್ ಜಾಗದಲ್ಲಿ '~.' ಅಂತ ಇತ್ತು. ಅಂದರೆ, ಬಂದ ಹೆಸರೆಲ್ಲ ಈ ಕಡೆಗೇ. ನಮ್ಮ ನಾಸ್ ಹೆಸರೂ ಆಫೀಸಿನವರೆಗೆ ಹೋಗಿ 'ಅಂಥದ್ದು ಇಲ್ಲ' ಅನ್ನಿಸಿಕೊಂಡು ವಾಪಸ್ ಬರುತ್ತಿತ್ತು! ಮನೆಯ ಹೆಸರುಗಳನ್ನು ಆಫೀಸಿನವರಿಗೆ ತಿಳಿಸುವುದು ಬೇರೆ.

ಇದಕ್ಕೆ ದಾರಿ ಸುಲಭ. ಹೆಸರಿಗೆ ಜಾಸ್ತಿ ಹೊಂದುವ ಡೊಮೇನ್ ಯಾವ ಲಿಂಕ್‌ನಲ್ಲಿ (ವೈಫೈ, ವಿಪಿಎನ್ ಥರದ ಸಂಪರ್ಕ) ಇದೆಯೋ ಆ ಲಿಂಕ್‌ನ ಸರ್ವರನ್ನೇ ರಿಸಾಲ್ವ್ಡ್ ಕೇಳುತ್ತದೆ. '~.'ಗಿಂತ '~ಹೋಮ್.ಆರ್ಪಾ' ಉದ್ದ, ಅಲ್ವಾ? ಅದನ್ನು ನೆಟ್‌ವರ್ಕ್‌ಮ್ಯಾನೇಜರ್‌ನಲ್ಲಿ ವೈಫೈ ಕನೆಕ್ಷನ್‌ನ ಡಿಎನ್‌ಎಸ್-ಸರ್ಚ್‌ಗೆ ಸೇರಿಸಿದೆ. ರಿಸಾಲ್ವ್‌ಸಿಟಿಎಲ್‌ನಲ್ಲೇ ಸೇರಿಸಬಹುದಿತ್ತು, ಆದರೆ ವೈಫೈ ಬಿಟ್ಟು ಹಿಡಿದರೆ ಅದು ಉಳಿಯುವುದಿಲ್ಲ. ಈಗ ವಿಪಿಎನ್ ಇದ್ದಾಗಲೂ 'ರಿಸಾಲ್ವ್‌ಸಿಟಿಎಲ್ ಕ್ವೆರಿ' ಉತ್ತರದ ಕೊನೆಯಲ್ಲಿ ವೈಫೈ ಲಿಂಕ್‌ನ ಹೆಸರೇ ಬರುತ್ತಿದೆ.

ಸರ್ವರ್ ಕಡೆ ಬೇರೆ ತಲೆನೋವು. ಡಿಎನ್‌ಎಸ್‌ಮಾಸ್ಕ್ (ಚಿಕ್ಕ ಡಿಎನ್‌ಎಸ್ ಸರ್ವರ್ ಪ್ರೋಗ್ರಾಂ) ಶುರುವಾಗಲೊಲ್ಲದು: ಡಿಎನ್‌ಎಸ್‌ಗೆ ಬೇಕಾದ ಪೋರ್ಟ್ 53 ಆಗಲೇ ರಿಸಾಲ್ವ್ಡ್ ಕೈಯಲ್ಲಿ. ರಿಸಾಲ್ವ್ಡ್ ಸೆಟ್ಟಿಂಗ್‌ನಲ್ಲಿ 'ಡಿಎನ್‌ಎಸ್‌ಸ್ಟಬ್‌ಲಿಸನರ್=ನೋ' ಬರೆದು ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಪೋರ್ಟ್ ಸಿಗುತ್ತದೆ. ಆದರೆ ಹಳೆಯ ಸಿಸ್ಟಮ್‌ಡಿ ಆವೃತ್ತಿಗಳಲ್ಲಿ ರಿಸಾಲ್ವ್.ಕಾನ್ಫ್ ಸಿಮ್‌ಲಿಂಕ್ (ಬೇರೆ ಫೈಲ್‌ಗೆ ಕೊಂಡಿ) ಇನ್ನೂ 127.0.0.53 ಕಡೆಗೇ ಕೈ ತೋರಿಸುತ್ತಿರುತ್ತದೆ. ಆಗ ಅದನ್ನು /ರನ್/ಸಿಸ್ಟಮ್‌ಡಿ/ರಿಸಾಲ್ವ್/ರಿಸಾಲ್ವ್.ಕಾನ್ಫ್‌ಗೆ ತಿರುಗಿಸಬೇಕು.

ಬಾಕಿ ಇರುವುದು ಲ್ಯಾಪ್‌ಟಾಪ್‌ನ ಡಾಕರ್ (ಪ್ರೋಗ್ರಾಂಗಳನ್ನು 'ಕಂಟೇನರ್' ಅನ್ನುವ ಪ್ರತ್ಯೇಕ ಆವರಣಗಳಲ್ಲಿ ಓಡಿಸುವ ತಂತ್ರಾಂಶ). ಡಾಕರ್‌ನ ಡಿಫಾಲ್ಟ್ ಬ್ರಿಡ್ಜ್ ನೆಟ್‌ವರ್ಕ್‌ನಲ್ಲಿರುವ ಕಂಟೇನರ್‌ಗೆ ಲ್ಯಾಪ್‌ಟಾಪ್‌ನ 127.0.0.53 ಸಿಗುವುದಿಲ್ಲ. ಹಾಗಾಗಿ ಡಾಕರ್ ಅಸಲಿ ಸರ್ವರ್‌ಗಳ ಪಟ್ಟಿಯನ್ನೇ ಒಳಗೆ ಕೊಡುತ್ತದೆ, ಲಿಂಕ್ ಲೆಕ್ಕ ಅಲ್ಲಿಗೆ ಹೋಗುವುದೇ ಇಲ್ಲ. ಸದ್ಯಕ್ಕೆ ನಾಸ್ ಬೇಕಾದ ಕಂಟೇನರ್‌ಗೆ ಐಪಿ ವಿಳಾಸವನ್ನೇ ಬರೆದಿಟ್ಟಿದ್ದೇನೆ.