ಒಂದೇ ಅರ್ಜಿ, ಎರಡು ಸಲ

ಅರ್ಜಿದಾರರ ಪಟ್ಟಿಯಲ್ಲಿ ಒಂದೇ ಹೆಸರು ಎರಡೆರಡು ಸಲ ಬರುತ್ತಿದೆ ಎಂಬ ದೂರು ಬಂದಾಗ ಕೊನೆಯ ದಿನಾಂಕ ಹತ್ತಿರವಾಗಿತ್ತು. ಬೇರೆ ಯಾರೋ ಕಟ್ಟಿ ನಮ್ಮ ತಂಡಕ್ಕೆ ಒಪ್ಪಿಸಿಹೋಗಿದ್ದ ವೆಬ್ ಅಪ್ಲಿಕೇಶನ್ ಅದು. ಹೊಸದಾಗಿ ಸೇರಿದ್ದ ಹುಡುಗ, "ಸಬ್‌ಮಿಟ್ ಬಟನ್ ಒತ್ತಿದ ಕೂಡಲೇ ಡಿಸೇಬಲ್ ಮಾಡಿದರಾಯ್ತಲ್ಲ ಸರ್, ಮತ್ತೆ ಒತ್ತೋಕಾಗಲ್ಲ, ಎರಡು ಸಾಲಿನ ಕೋಡ್" ಎಂದ.

"ಮೊದಲು ಲಾಗ್ ನೋಡೋಣ" ಎಂದೆ.

ಯಾವ ಅರ್ಜಿ ಯಾವಾಗ ಬಂತು ಎಂದು ಸರ್ವರ್ ಬರೆದಿಟ್ಟುಕೊಳ್ಳುವ ದಾಖಲೆ ಅದು. ಕೆಲವು ಜೋಡಿ ಅರ್ಜಿಗಳ ನಡುವೆ ಒಂದು ಸೆಕೆಂಡೂ ಅಂತರವಿರಲಿಲ್ಲ. ಅವು ಬಟನ್ ಎರಡು ಸಲ ಒತ್ತಿದವರವು, ಸರಿ. ಉಳಿದವಕ್ಕೆ ಹಲವು ನಿಮಿಷಗಳ ಅಂತರ. ಅರ್ಜಿ ಸೇರಿತೋ ಇಲ್ಲವೋ ತಿಳಿಯದೆ ರಿಫ್ರೆಶ್ ಮಾಡಿದವರು, ನೆಟ್‌ವರ್ಕ್ ಕೈಕೊಟ್ಟಾಗ ಹಿಂದಕ್ಕೆ ಹೋಗಿ ಮತ್ತೆ ಒತ್ತಿದವರು. ರಿಫ್ರೆಶ್ ಮಾಡಿದಾಗ ಬ್ರೌಸರ್ ಅದೇ ಪೋಸ್ಟ್ ವಿನಂತಿಯನ್ನು, ಅಂದರೆ ತುಂಬಿದ ಫಾರ್ಮನ್ನು, ಸರ್ವರ್‌ಗೆ ಮತ್ತೆ ಕಳಿಸುತ್ತದೆ. ಅಲ್ಲಿ ಬಟನ್ನಿನ ಮಾತೇ ಬರುವುದಿಲ್ಲ.

1990ರ ದಶಕದ ಕೊನೆಯಲ್ಲಿ ಸ್ಯಾನ್ ಮುರುಗೇಶನ್, ಯೋಗೇಶ್ ದೇಶಪಾಂಡೆ ಮುಂತಾದ ಸಂಶೋಧಕರು ವೆಬ್ ಎಂಜಿನಿಯರಿಂಗ್ ಪ್ರತ್ಯೇಕ ಶಿಸ್ತಾಗಬೇಕು ಎಂದು ವಾದಿಸಿದ್ದರು. ಹೆಸರಿಗೊಂದು ಶಾಖೆ ಯಾಕೆ ಎಂದು ನನಗೂ ಅನ್ನಿಸುತ್ತಿತ್ತು. ಬಳಕೆದಾರರ ಫೋನು, ಬ್ರೌಸರು, ಸಿಗ್ನಲ್ಲು ಯಾವುದೂ ನಮ್ಮ ಹಿಡಿತದಲ್ಲಿಲ್ಲದ ಕಡೆ ಕೋಡ್ ಬರೆಯುವುದು ಬೇರೆಯದೇ ಕೆಲಸ ಎಂಬುದು ಇಂಥ ಲಾಗ್ ಓದುವಾಗ ಗೊತ್ತಾಗುತ್ತದೆ.

ಡೇಟಾಬೇಸಿನಲ್ಲಿ ಮೊಬೈಲ್ ನಂಬರನ್ನೇ ಯೂನಿಕ್ ಮಾಡೋಣ, ಒಂದು ನಂಬರಿಗೆ ಒಂದೇ ಅರ್ಜಿ ಇರಲಿ ಎಂಬ ಸಲಹೆಯೂ ಬಂತು. ಪಟ್ಟಿ ತೆರೆದು ನೋಡಿದರೆ ಒಂದೇ ನಂಬರ್ ಕೊಟ್ಟ ಅಕ್ಕತಂಗಿಯರಿದ್ದರು! ಹಾಗೆ ಮಾಡಿದ್ದರೆ ತಂಗಿಯ ಅರ್ಜಿ ಸದ್ದಿಲ್ಲದೆ ಬಿದ್ದುಹೋಗುತ್ತಿತ್ತು.

ಕೊನೆಗೆ ಫಾರ್ಮ್ ತೆರೆದಾಗಲೇ ಸರ್ವರ್ ಅದಕ್ಕೊಂದು ಕೀ, ಅಂದರೆ ಗುರುತಿನ ಸಂಕೇತ, ಕೊಡುವಂತೆ ಮಾಡಿ, ಆ ಕೀಯನ್ನು ಯೂನಿಕ್ ಮಾಡಿದೆವು. ಅದೇ ಕೀ ಮತ್ತೆ ಬಂದರೆ ದೋಷದ ಸಂದೇಶ ತೋರಿಸದೆ ಮೊದಲ ಸಲದ ಸ್ವೀಕೃತಿ ಸಂಖ್ಯೆಯನ್ನೇ ತೋರಿಸಬೇಕು. ಗಾಬರಿಯಲ್ಲಿ ಮತ್ತೆ ಒತ್ತಿದವರಿಗೆ ಬೇಕಾದದ್ದು ಅದೇ. ಅರ್ಜಿ ಸೇರಿದ ಮೇಲೆ ಬೇರೆ ಪುಟಕ್ಕೆ ಹೋಗು ಎಂದು ಬ್ರೌಸರ್‌ಗೆ ಹೇಳುವ 303 ಎಂಬ ಉತ್ತರದ ಮೂಲಕ ಸ್ವೀಕೃತಿ ಪುಟಕ್ಕೆ ಕಳಿಸಿದರೆ, ರಿಫ್ರೆಶ್ ಮಾಡಿದರೂ ಆ ಪುಟ ಮಾತ್ರ ಮತ್ತೆ ತೆರೆಯುತ್ತದೆ. ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮಗಳಾದ ಎಚ್‌ಟಿಟಿಪಿಯ 1.1 ಆವೃತ್ತಿಯ ಕಾಲದಿಂದ ಇರುವ ಸೌಲಭ್ಯವಿದು, ಹೊಸದೇನಲ್ಲ.

ಟೆಸ್ಟ್ ಬರೆದದ್ದು ಆ ಹುಡುಗನೇ. ಸರ್ವರ್ ಉತ್ತರವನ್ನು ಬೇಕೆಂದೇ ತಡಮಾಡಿಸಿ, ನಡುವೆ ನೆಟ್‌ವರ್ಕ್ ಕಡಿದು, ಮತ್ತೆ ಮತ್ತೆ ಒತ್ತಿ ನೋಡಿದ. ಬಟನ್ ಡಿಸೇಬಲ್ ಮಾಡುವ ಎರಡು ಸಾಲನ್ನೂ ಉಳಿಸಿಕೊಂಡೆವು, ಅದರಿಂದ ನಷ್ಟವೇನಿಲ್ಲ.

"ಹಳೇ ಡೂಪ್ಲಿಕೇಟ್‌ಗಳನ್ನ ಡಿಲೀಟ್ ಮಾಡ್ಲಾ ಸರ್?" ಎಂದು ಕೇಳಿದ. ಒಂದು ಜೋಡಿಯಲ್ಲಿ ಎರಡನೆಯ ಅರ್ಜಿಗೆ ಮಾತ್ರ ಫೋಟೊ ಇತ್ತು. ಯಾವುದು ಉಳಿಯಬೇಕು ಎಂದು ಅರ್ಜಿ ಕರೆದವರೇ ಹೇಳಬೇಕು. ಪಟ್ಟಿ ಮಾಡಿ ಅವರಿಗೇ ಕಳಿಸಿದೆವು.