ಕೈಗಾಕ್ಕೆ ಬಾರದ ಕೆನಡಾ ಯುರೇನಿಯಂ

ಎರಡು ದೇಶಗಳು ಯಾಕೆ ಕೈಜೋಡಿಸುತ್ತವೆ, ಯಾಕೆ ಮುನಿಸಿಕೊಳ್ಳುತ್ತವೆ ಎಂಬ ಚರ್ಚೆ ಬಂದರೆ ಕಾರವಾರದವರು ಸೀಬರ್ಡ್ ನೌಕಾನೆಲೆಯ ಕಡೆ ಬೆರಳು ತೋರಿಸುತ್ತಾರೆ. ನನ್ನ ಮಟ್ಟಿಗೆ ಒಳ್ಳೆಯ ಉದಾಹರಣೆ ಇರುವುದು ಒಳನಾಡಿನಲ್ಲಿ, ಕಾಳಿ ನದಿ ದಂಡೆಯ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ.

ಅಲ್ಲಿನ ನಾಲ್ಕೂ ಘಟಕಗಳು ತಲಾ 220 ಮೆಗಾವಾಟಿನವು. ಇಂಧನ ಸಹಜ ಯುರೇನಿಯಂ, ಅಂದರೆ ಸಂವರ್ಧಿಸದ (ಸೀಳುವ ಅಂಶ ಹೆಚ್ಚಿಸದ) ಯುರೇನಿಯಂ. ತಂಪಾಗಿಸಲಿಕ್ಕೂ ನ್ಯೂಟ್ರಾನ್ ವೇಗ ತಗ್ಗಿಸಲಿಕ್ಕೂ ಭಾರಜಲ, ಅಂದರೆ ಭಾರವಾದ ಹೈಡ್ರೋಜನ್ ಇರುವ ನೀರು. ಈ ವಿನ್ಯಾಸದ ಮೂಲ ಕೆನಡಾ. 1963ರ ಒಪ್ಪಂದದಂತೆ ರಾಜಸ್ಥಾನದ ರಾವತ್‌ಭಾಟದಲ್ಲಿ ಮೊದಲ ಘಟಕ ಶುರುವಾಯಿತು. ಯುರೇನಿಯಂ ಸಂವರ್ಧಿಸುವ ಕಾರ್ಖಾನೆ ನಮ್ಮಲ್ಲಿರಲಿಲ್ಲ, ಕೆನಡಾಕ್ಕೆ ತನ್ನ ತಂತ್ರಜ್ಞಾನ ಕೊಳ್ಳುವ ಗಿರಾಕಿ ಬೇಕಿತ್ತು. ಸ್ನೇಹದ ಭಾಷಣಗಳೂ ಆದವು ಅನ್ನಿ.

ಎಡವಟ್ಟಾಗಿದ್ದು ಅದಕ್ಕೂ ಹಳೆಯ ಕಾಗದದಲ್ಲಿ. ಕೆನಡಾ ಕೊಟ್ಟ, ಟ್ರಾಂಬೆಯ ಸೈರಸ್ ಸಂಶೋಧನಾ ರಿಯಾಕ್ಟರಿನ 1956ರ ಕರಾರಿನಲ್ಲಿ ಶಾಂತಿಯುತ ಬಳಕೆ ಎಂದಿತ್ತು. ಯಾರು ಬಂದು ತಪಾಸಣೆ ಮಾಡಬೇಕು, ಇಂಧನದ ಲೆಕ್ಕ ಯಾರಿಗೆ ಒಪ್ಪಿಸಬೇಕು ಎಂಬ ಕಟ್ಟುಪಾಡು ಇರಲಿಲ್ಲ. 1971ರಲ್ಲೇ ಕೆನಡಾ ಪ್ರಧಾನಿ ಪಿಯರ್ ಟ್ರುಡೊ ಇಂದಿರಾ ಗಾಂಧಿಯವರಿಗೆ ಪತ್ರ ಬರೆದು ಎಚ್ಚರಿಸಿದ್ದರು. 1974ರ ಮೇ 18ರಂದು ಪೋಖ್ರಾನ್‌ನ ಅಣುಸ್ಫೋಟದಲ್ಲಿ ಬಳಕೆಯಾದದ್ದು ಸೈರಸ್‌ನ ಪ್ಲುಟೋನಿಯಂ. ಇದೂ ಶಾಂತಿಯುತ ಸ್ಫೋಟವೇ ಎಂದಿತು ದಿಲ್ಲಿ. ಮಾತು ತಪ್ಪಿದಿರಿ ಎಂದಿತು ಒಟ್ಟಾವಾ. ಬರೆದ ಕಾಗದ ಇಬ್ಬರಿಗೂ ಆಸ್ಪದ ಕೊಟ್ಟಿತ್ತು.

ಕೆನಡಾ ನೆರವು ನಿಲ್ಲಿಸಿತು. ರಾವತ್‌ಭಾಟದ ಎರಡನೇ ಘಟಕವನ್ನು ನಮ್ಮವರೇ ಮುಗಿಸಿದರು. ಅಲ್ಲಿ ಕಲಿತದ್ದೇ ಮುಂದೆ ಕಲ್ಪಾಕಂ, ನರೋರಾ, ಕಾಕ್ರಾಪಾರ್ ದಾಟಿ ಕೈಗಾಕ್ಕೆ ಬಂತು. ಈ ಹೆಮ್ಮೆ ಸರಿಯೇ. ಆದರೆ ಯಂತ್ರವನ್ನು ಕಲಿತು ಮಾಡಬಹುದು, ಅದಿರನ್ನು ಮಾಡಲಾಗದು. ಜಾರ್ಖಂಡಿನ ಜಾದುಗೋಡಾ ಅದಿರಿನಲ್ಲಿ ಯುರೇನಿಯಂ ಅಂಶ ತೀರಾ ಕಡಿಮೆ. 2008ರ ಹೊತ್ತಿಗೆ ದೇಶದ ಸ್ಥಾವರಗಳು ಸುಮಾರು ಅರ್ಧ ಸಾಮರ್ಥ್ಯದಲ್ಲಿ ಓಡುತ್ತಿದ್ದವು. ಕೈಗಾದ ನಾಲ್ಕನೇ ಘಟಕವೂ ಇಂಧನಕ್ಕಾಗಿ ಕಾಯಬೇಕಾಯಿತು.

2008ರ ಸೆಪ್ಟೆಂಬರ್ 6ರಂದು ಅಣು ಇಂಧನ, ತಂತ್ರಜ್ಞಾನ ಮಾರುವ ದೇಶಗಳ ಕೂಟವಾದ ಪರಮಾಣು ಪೂರೈಕೆದಾರರ ಗುಂಪು ತನ್ನ ಮಾರಾಟ ನಿರ್ಬಂಧದಿಂದ ಭಾರತಕ್ಕೆ ವಿನಾಯಿತಿ ಕೊಟ್ಟಿತು. ಬದಲಿಗೆ 22 ರಿಯಾಕ್ಟರುಗಳಲ್ಲಿ 14ನ್ನು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಗೆ ತೆರೆಯಲು ನಾವು ಒಪ್ಪಿದ್ದೆವು. ಕೆನಡಾ 2010ರಲ್ಲಿ ನಮ್ಮೊಂದಿಗೆ ಅಣು ಒಪ್ಪಂದಕ್ಕೆ ಸಹಿ ಹಾಕಿತು. ಜಾರಿಗೆ ಬಂದದ್ದು ಮಾತ್ರ 2013ರಲ್ಲಿ. ತನ್ನ ಯುರೇನಿಯಂ ಎಲ್ಲೆಲ್ಲಿ ಹೋಯಿತೆಂಬ ಲೆಕ್ಕ ತನಗೇ ಬೇಕು ಎಂದು ಕೆನಡಾ ಪಟ್ಟು ಹಿಡಿಯಿತು. ಸಂಸ್ಥೆಗೆ ಕೊಡುವ ಲೆಕ್ಕವೇ ಸಾಕು ಎಂದು ನಾವು. ಕೊನೆಗೆ ಎರಡೂ ಕಡೆಯವರ ಜಂಟಿ ಸಮಿತಿ ಆಯಿತು. 1956ರಲ್ಲಿ ಬಿಟ್ಟುಹೋದ ಕಲಮು ತುಂಬಿಸಲು ಇಷ್ಟು ಹೊತ್ತು! 2015ರಲ್ಲಿ ಕೆನಡಾದ ಕ್ಯಾಮೆಕೊ ಕಂಪನಿಯ ಜೊತೆ 71 ಲಕ್ಷ ಪೌಂಡ್, ಅಂದರೆ 3,200 ಟನ್ನಿನಷ್ಟು ಯುರೇನಿಯಂ ಸಾಂದ್ರದ ಗುತ್ತಿಗೆ ಆಯಿತು.

ಅದರಲ್ಲಿ ಒಂದು ಗ್ರಾಂ ಕೂಡ ಕೈಗಾಕ್ಕೆ ಬರುವಂತಿಲ್ಲ. ಕೈಗಾದ ನಾಲ್ಕು ಘಟಕಗಳು ತಪಾಸಣೆಯ ಪಟ್ಟಿಯ ಹೊರಗಿವೆ. ಆಮದು ಇಂಧನ ಪಟ್ಟಿಯೊಳಗಿನವಕ್ಕೆ ಮಾತ್ರ. ಹಾಗಂತ ಲಾಭ ಇಲ್ಲದಿಲ್ಲ. ಊಟಕ್ಕೆ ಅಂಗಡಿ ಅಕ್ಕಿ ತಂದರೆ ಕಣಜದ ಭತ್ತ ಉಳಿದ ಹಾಗೆ, ರಾವತ್‌ಭಾಟಕ್ಕೆ ಹೊರಗಿನ ಯುರೇನಿಯಂ ಹೋದಷ್ಟೂ ದೇಶೀಯ ಯುರೇನಿಯಂ ಕೈಗಾಕ್ಕೆ ಸಿಗುತ್ತದೆ. ಕೈಗಾದ ಒಂದನೇ ಘಟಕ 2016ರ ಮೇಯಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿದ್ದು ದೇಶೀಯ ಇಂಧನದಲ್ಲೇ. 306 ಕೊಳವೆಗಳಲ್ಲಿ ಘಟಕ ಓಡುತ್ತಿರುವಾಗಲೇ ಇಂಧನ ಬದಲಿಸಬಹುದಾದ ವಿನ್ಯಾಸವೂ ಇದಕ್ಕೆ ಕಾರಣ. ಹೀಗೆ ಉಳಿದ ಯುರೇನಿಯಂ ಬಾಂಬಿಗೆ ಹೋಗಬಹುದು ಎಂಬುದೇ ಪಾಕಿಸ್ತಾನದ ಆಕ್ಷೇಪವಾಗಿತ್ತು. ತರ್ಕವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ.

2023ರ ಸೆಪ್ಟೆಂಬರಿನಲ್ಲಿ ಆಗಿನ ಕೆನಡಾ ಪ್ರಧಾನಿ ಜಸ್ಟಿನ್ ಟ್ರುಡೊ, ನಿಜ್ಜರ್ ಹತ್ಯೆಯಲ್ಲಿ ಭಾರತದ ಕೈವಾಡವಿದೆ ಎಂದು ಸಂಸತ್ತಿನಲ್ಲಿ ಆರೋಪ ಮಾಡಿದ ಮೇಲೆ ಕೆನಡಾದ 41 ರಾಜತಾಂತ್ರಿಕರು ವಾಪಸಾದರು; ವ್ಯಾಪಾರ ಮಾತುಕತೆ ಅದಕ್ಕೂ ತುಸು ಮುಂಚೆಯೇ ನಿಂತಿತ್ತು. ಅಣು ಒಪ್ಪಂದವನ್ನು ಮಾತ್ರ ಎರಡೂ ಕಡೆಯವರು ರದ್ದು ಮಾಡಲಿಲ್ಲ. 2025ರ ಜೂನ್‌ನಲ್ಲಿ ಮೋದಿ ಮತ್ತು ಕೆನಡಾ ಪ್ರಧಾನಿ ಕಾರ್ನಿ ಹೈಕಮಿಷನರುಗಳನ್ನು ಮತ್ತೆ ಕಳಿಸಲು ಒಪ್ಪಿದಾಗ ಅಣು ಸಹಕಾರಕ್ಕೆ ಹೊಸ ಕಾಗದ ಬರೆಯುವ ಕೆಲಸ ಇರಲಿಲ್ಲ.