ಪಳ್ಳಿಪ್ಪುರಂ ಕೋಟೆಯ ಕ್ರಯಪತ್ರ

ಮೂವತ್ತು ವರ್ಷ ಮೈಸೂರಿನಲ್ಲಿ ಕ್ರಯಪತ್ರ ಬರೆದು ಸಂಸಾರ ಸಾಗಿಸಿದವನು ನಾನು. ಕಳೆದ ತಿಂಗಳು ಅಳಿಯಂದಿರು ಕೊಚ್ಚಿ ಬಳಿಯ ವೈಪಿನ್ ದ್ವೀಪದ ತುದಿಗೆ ಕರೆದುಕೊಂಡು ಹೋಗಿ ಪಳ್ಳಿಪ್ಪುರಂ ಕೋಟೆ ತೋರಿಸಿದರು. ಆರು ಮೂಲೆಯ ಪುಟ್ಟ ಕಟ್ಟಡ, ಮಂಗಳೂರಿನವರು ಮುರಕಲ್ಲು ಎನ್ನುತ್ತಾರಲ್ಲ, ಆ ಕೆಂಪು ಕಲ್ಲಿನದು. ನಮ್ಮ ಕಡೆಯ ಛತ್ರದ ಊಟದ ಮನೆಯಷ್ಟೂ ಇದ್ದಂತಿಲ್ಲ. ಮೂರನೆಯ ಮೈಸೂರು ಯುದ್ಧಕ್ಕೆ ಕಿಡಿ ಹತ್ತಿದ್ದು ಇದರ ಮಾರಾಟದಿಂದ!

1789ರಲ್ಲಿ ಡಚ್ಚರು ಇದನ್ನೂ ಕೊಡುಂಗಲ್ಲೂರಿನ ಕೋಟೆಯನ್ನೂ ತಿರುವಾಂಕೂರಿನ ರಾಜನಿಗೆ ಮಾರಿದರು. ಟಿಪ್ಪು ತಕರಾರು ತೆಗೆದ. ಕೊಚ್ಚಿಯ ಅರಸ ತನಗೆ ಕಪ್ಪ ಕಟ್ಟುವವನು, ಕೋಟೆ ನಿಂತಿರುವುದು ಕೊಚ್ಚಿಯ ನೆಲದಲ್ಲಿ, ಮಾರಲು ಡಚ್ಚರು ಯಾರು? ಪೋರ್ಚುಗೀಸರಿಂದ ಗೆದ್ದುಕೊಂಡದ್ದು, ನಮ್ಮದೇ ಸ್ವತ್ತು ಎಂಬುದು ಡಚ್ಚರ ಪಟ್ಟು.

ಊರಿನ ಗೆಳೆಯರು ಬೈಯಲಿ, ಇಲ್ಲಿ ಟಿಪ್ಪುವಿನ ದಾಖಲೆ ಬಡವು. ಡಚ್ಚರ ಸ್ವಾಧೀನ 1660ರ ದಶಕದಿಂದ. ಕೊಚ್ಚಿ ಮೈಸೂರಿಗೆ ಕಪ್ಪ ಕೊಡತೊಡಗಿದ್ದು ಅದಾಗಿ ನೂರು ವರ್ಷದ ಮೇಲೆ, ಹೈದರನ ಕಾಲದಲ್ಲಿ. ಆದರೆ ತಿರುವಾಂಕೂರಿನವರೂ ಮುಗ್ಧರೇನಲ್ಲ. ಟಿಪ್ಪುವಿನ ಕಣ್ಣು ಬಿದ್ದಿದ್ದ ಸ್ವತ್ತು ಎಂದು ತಿಳಿದೇ ಕೊಂಡರು. ವ್ಯಾಜ್ಯದ ಜಾಗ ಕೊಳ್ಳುವವರಿಗೆ ನಾನು ಎಷ್ಟು ಸಲ ಹೇಳಿದ್ದೇನೋ, ಕೇಳಿದವರು ಕಡಿಮೆ.

ಡಿಸೆಂಬರ್ 29ರಂದು ಟಿಪ್ಪು ತಿರುವಾಂಕೂರಿನ ಗಡಿಗೋಡೆ ನೆಡುಂಕೋಟ್ಟದ ಮೇಲೆ ಬಿದ್ದ. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಗೆ ಬೇಕಾದದ್ದೂ ಅದೇ. 1784ರ ಮಂಗಳೂರು ಒಪ್ಪಂದದ ಪ್ರಕಾರ ತಿರುವಾಂಕೂರು ನಮ್ಮ ಮಿತ್ರ ಎಂದಿತು. ಕಾಗದದಲ್ಲಿ ಆ ಮಾತು ಸರಿಯೇ. ಆದರೆ 1789ರ ಜುಲೈನಲ್ಲಿ, ದಾಳಿಗೆ ಐದು ತಿಂಗಳ ಮೊದಲೇ, ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ನಿಜಾಮನಿಗೆ ಒಂದು ಪತ್ರ ಬರೆದಿದ್ದ. ನಿಜಾಮನಿಗೆ ಕೊಡುವ ಕಂಪನಿಯ ಪಡೆಯನ್ನು ಯಾರ ಮೇಲೆ ಬಳಸಬಾರದು ಎಂಬ ಪಟ್ಟಿ ಅದರಲ್ಲಿತ್ತು. ತಿರುವಾಂಕೂರಿನ ಹೆಸರಿತ್ತು, ಟಿಪ್ಪುವಿನದು ಇರಲಿಲ್ಲ. ನನ್ನ ಕಸುಬಿನಲ್ಲಿ ಪತ್ರದಲ್ಲಿ ಬಿಟ್ಟ ಹೆಸರನ್ನೇ ಮೊದಲು ಓದುವುದು.

ಇನ್ನು ಕೊಚ್ಚಿ? ಟಿಪ್ಪುವಿಗೆ ಕಪ್ಪ ಕಟ್ಟುತ್ತಿದ್ದ ಅದು 1791ರಲ್ಲಿ ಕಂಪನಿಗೇ ಕಪ್ಪ ಕಟ್ಟಲು ಒಪ್ಪಿತು. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮಲಬಾರೂ ಕಂಪನಿಯ ಪಾಲಾಯಿತು.

“ಹಾಗಾದರೆ ನೀವು ಯಾರ ಪತ್ರ ಬರೆಯುತ್ತಿದ್ದಿರಿ, ಮಾವ?” ಎಂದರು ಅಳಿಯಂದಿರು. ಡಚ್ಚರ ಕ್ರಯಪತ್ರ ಬರೆದುಕೊಡುತ್ತಿದ್ದೆ, ಶುಲ್ಕ ಮೊದಲೇ ಎಣಿಸಿಕೊಂಡು. ಕಂಪನಿಯ ಪತ್ರಕ್ಕೆ ಸಾಕ್ಷಿ ಸಹಿಯನ್ನೂ ಹಾಕುತ್ತಿರಲಿಲ್ಲ.